ಕಟ್ಟಿಗೆ ಒಲೆ ಬಿಟ್ಟು ಪೆಲೆಟ್ ಅಥವಾ ಗೋವಿನಜೋಳದ ಒಲೆಗೆ ಹೋಗಬಹುದೇ?

ಪ್ರಶ್ನೆ: ಹಾವೇರಿ ಮೂಲ, ಪೂರ್ವ ಅಯೋವಾ

ಎಲ್ಲರಿಗೂ ನಮಸ್ಕಾರ. ಅಯೋವಾದ ಸೀಡರ್ ರ‍್ಯಾಪಿಡ್ಸ್ ಪಟ್ಟಣದಿಂದ ಸುಮಾರು 20 ಮೈಲಿ ದೂರದಲ್ಲಿ, ನೂರು ವರ್ಷ ದಾಟಿದ ಮರದ ಮನೆಯೊಂದರಲ್ಲಿ ನಾವು 11 ವರ್ಷಗಳಿಂದ ವಾಸವಾಗಿದ್ದೇವೆ. ಇಲ್ಲಿಗೆ ಕೊಳವೆಯ ಗ್ಯಾಸ್ ಬರುವುದಿಲ್ಲವಾದ್ದರಿಂದ ಅಂಗಳದ ಟ್ಯಾಂಕಿಗೆ ಪ್ರೊಪೇನ್ ತುಂಬಿಸಿಕೊಂಡು ಮನೆ ಬೆಚ್ಚಗಿಡುವ ನೆಲಮಾಳಿಗೆಯ ಫರ್ನೇಸ್ ಓಡಿಸಬೇಕು. ಆ ಖರ್ಚನ್ನು ತಗ್ಗಿಸಲೆಂದು ಮೊದಲ ಚಳಿಗಾಲದಿಂದಲೇ ನಡುಮನೆಯ ಕಟ್ಟಿಗೆ ಒಲೆಯನ್ನು ಉರಿಸುತ್ತ ಬಂದಿದ್ದೇವೆ. ವರ್ಷಕ್ಕೆ 4 ಕಾರ್ಡ್ ಕಟ್ಟಿಗೆ ಬೇಕು. ಒಂದು ಕಾರ್ಡ್ ಎಂದರೆ 8 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರಕ್ಕೆ ಒಟ್ಟಿದ ಕಟ್ಟಿಗೆ.

ಇಷ್ಟು ವರ್ಷ ಕಟ್ಟಿಗೆಗೆ ನಾನು ಹಣ ಕೊಟ್ಟವನಲ್ಲ. ಎಮರಾಲ್ಡ್ ಆಷ್ ಬೋರರ್ ಎಂಬ ಹಸಿರು ದುಂಬಿ 2010ರಲ್ಲಿ ಅಯೋವಾದಲ್ಲಿ ಮೊದಲು ಕಾಣಿಸಿಕೊಂಡು, ಆಮೇಲೆ ನಮ್ಮ ಭಾಗದ ಆಷ್ ಮರಗಳನ್ನೆಲ್ಲ ಒಣಗಿಸಿತು. ಸತ್ತು ನಿಂತ ಮರಗಳನ್ನು ಕಡಿದು ಒಯ್ಯಿರೆಂದು ನೆರೆಯ ರೈತರೇ ಕರೆಯುತ್ತಿದ್ದರು. ಈಗ ಆ ಮರಗಳು ಮುಗಿದಿವೆ. ಕಳೆದ ಚಳಿಗಾಲದಲ್ಲಿ ಮೊದಲ ಬಾರಿಗೆ ಕಾರ್ಡಿಗೆ 260 ಡಾಲರ್ ಕೊಟ್ಟು ಕಟ್ಟಿಗೆ ಕೊಂಡೆ. ಅದರ ಮೇಲೆ ನನ್ನ ಬೆನ್ನುಮೂಳೆಯ ಡಿಸ್ಕ್ ಜರುಗಿ ಕೊಡಲಿ ಎತ್ತುವುದು ಕಷ್ಟವಾಗಿದೆ; ಮಗಳಿಗೆ ಉಬ್ಬಸವಿದ್ದು, ಒಲೆಯ ಬಾಗಿಲು ತೆರೆದಾಗ ಒಳಗೆ ಬರುವ ಹೊಗೆಯಿಂದ ಅದು ಹೆಚ್ಚುತ್ತದೆ.

ಆದ್ದರಿಂದ ಮರದ ಹೊಟ್ಟನ್ನು ಒತ್ತಿ ಮಾಡಿದ ಪೆಲೆಟ್ ಉರಿಸುವ ಒಲೆಗೋ, ಗೋವಿನಜೋಳದ ಕಾಳನ್ನೇ ಉರಿಸುವ ಒಲೆಗೋ ಬದಲಾಗಬೇಕೆಂದಿದ್ದೇನೆ. ನಮ್ಮ ಪಟ್ಟಣದಲ್ಲಿ ಪೆಲೆಟ್ ಟನ್ನಿಗೆ 300 ಡಾಲರ್ ಇದೆ. ಪಕ್ಕದ ರೈತರು ತಮ್ಮ ಕಣಜದಿಂದಲೇ ಬುಷೆಲಿಗೆ, ಅಂದರೆ 56 ಪೌಂಡಿಗೆ, 4 ಡಾಲರಿನಂತೆ ಜೋಳ ಕೊಡಲು ಒಪ್ಪಿದ್ದಾರೆ. ಪ್ರೊಪೇನ್ ಗ್ಯಾಲನ್ನಿಗೆ ಸುಮಾರು 2 ಡಾಲರ್. ನನ್ನನ್ನು ತಡೆದಿರುವ ಸಂಗತಿಗಳು ಎರಡು. ಮೊದಲನೆಯದು ವಿದ್ಯುತ್ತು. 2020ರ ಆಗಸ್ಟ್ 10ರಂದು ಸೀಡರ್ ರ‍್ಯಾಪಿಡ್ಸ್ ಮೇಲೆ ಹಾದುಹೋದ ಡೆರೇಚೋ ಬಿರುಗಾಳಿಯಲ್ಲಿ ನಮ್ಮ ಮನೆಗೆ 9 ದಿನ ಕರೆಂಟ್ ಇರಲಿಲ್ಲ. ಅದು ಬೇಸಿಗೆಯಾದ್ದರಿಂದ ಬದುಕಿದೆವು. 2019ರ ಜನವರಿಯ ಕೊನೆಯಲ್ಲಿ ಇಲ್ಲಿ ಮೈನಸ್ 30 ಫ್ಯಾರನ್‌ಹೀಟ್‌ನ ಆಸುಪಾಸಿಗೆ ಇಳಿದಿತ್ತು. ಅಂಥ ರಾತ್ರಿ ಕರೆಂಟ್ ಹೋದರೆ ಗತಿಯೇನು? ಎರಡನೆಯದು, ನಮ್ಮ ಅವ್ವನ ಮಾತು. ಊರಲ್ಲಿ ನಮ್ಮ ಅಪ್ಪ ಇವತ್ತಿಗೂ ನಾಲ್ಕು ಎಕರೆ ಗೋವಿನಜೋಳ ಬೆಳೆಯುತ್ತಾರೆ. ಫೋನಿನಲ್ಲಿ ವಿಷಯ ಹೇಳಿದಾಗ ಅವ್ವ, "ಉಣ್ಣೋ ಕಾಳನ್ನ ಒಲಿಗೆ ಸುರೀತೀಯೇನಪಾ?" ಎಂದಷ್ಟೇ ಕೇಳಿ ಸುಮ್ಮನಾದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಬಳಸಿ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ತೀರ್ಥಹಳ್ಳಿ ಮೂಲ, ನ್ಯೂ ಹ್ಯಾಂಪ್‌ಷೈರ್

ನಾವು 2012ರಲ್ಲಿ ಸೌದೆ ಒಲೆಯನ್ನು ತೆಗೆಸಿ ಪೆಲೆಟ್ ಒಲೆ ಹಾಕಿಸಿದೆವು. ಮನೆಯಲ್ಲಿ ಉಬ್ಬಸದ ಮಗುವಿದೆ ಎಂದಿರಿ. ಆ ಒಂದೇ ಕಾರಣಕ್ಕೆ ನಾನು ಪೆಲೆಟ್ ಎನ್ನುತ್ತೇನೆ. ಈ ಒಲೆಯ ಬಾಗಿಲು ಉರಿಯುವಾಗ ಮುಚ್ಚಿಯೇ ಇರುತ್ತದೆ. ಮೇಲಿನ ಹಾಪರಿಗೆ ಪೆಲೆಟ್ ಸುರಿದರೆ ಆಗರ್ ಎಂಬ ತಿರುಪು ಅದನ್ನು ಚಿಟಿಕೆ ಚಿಟಿಕೆಯಾಗಿ ಬೆಂಕಿಯ ಬಟ್ಟಲಿಗೆ ನೂಕುತ್ತದೆ, ಒಂದು ಫ್ಯಾನ್ ಹೊಗೆಯನ್ನು ಹೊರಗೆ ಎಳೆಯುತ್ತದೆ, ಇನ್ನೊಂದು ಫ್ಯಾನ್ ಬಿಸಿಗಾಳಿಯನ್ನು ಕೋಣೆಗೆ ಊದುತ್ತದೆ. ಸೌದೆಯಲ್ಲಿ ನಮಗಿದ್ದ ದೊಡ್ಡ ಭಯವೆಂದರೆ ಚಿಮಣಿಯೊಳಗೆ ಡಾಂಬರಿನಂತೆ ಕಟ್ಟುವ ಕ್ರಿಯೋಸೋಟ್ ಒಂದು ದಿನ ಹೊತ್ತಿಕೊಂಡೀತೆಂಬುದು. ಪೆಲೆಟ್ ಒಣಗಿದ್ದು, ಪೂರ್ತಿ ಉರಿಯುವುದರಿಂದ ಆ ಭಯ ಬಹುಮಟ್ಟಿಗೆ ಹೋಯಿತು.

ಪೆಲೆಟ್ 40 ಪೌಂಡಿನ ಚೀಲಗಳಲ್ಲಿ ಬರುತ್ತದೆ. ಅಂಥ 50 ಚೀಲ ಸೇರಿದರೆ ಒಂದು ಟನ್. ಸಾಧಾರಣ ಚಳಿಯಲ್ಲಿ, ಸಣ್ಣ ಉರಿಯಲ್ಲಿ ಒಂದು ಚೀಲ ಒಂದು ದಿನ ಬರುತ್ತದೆ. ಪ್ರೀಮಿಯಂ ದರ್ಜೆಯ ಪೆಲೆಟ್‌ನಲ್ಲಿ ಬೂದಿ ಶೇಕಡಾ 1ಕ್ಕಿಂತ ಹೆಚ್ಚಿರಬಾರದು, ಹಾಗಾಗಿ ಒಂದಿಡೀ ಚೀಲ ಉರಿದರೂ ಒಂದು ಬೊಗಸೆಯ ಆಸುಪಾಸಿನಷ್ಟು ಬೂದಿ ಉಳಿಯುತ್ತದೆ. ಆದರೆ ನಿಮ್ಮ ಬೆನ್ನಿನ ಬಗ್ಗೆ ಒಂದು ಎಚ್ಚರಿಕೆ: ಕೊಡಲಿ ಹಿಡಿಯುವ ಕೆಲಸ ತಪ್ಪುತ್ತದೆಯೇ ಹೊರತು ಹೊರುವ ಕೆಲಸ ತಪ್ಪುವುದಿಲ್ಲ. 18 ಕಿಲೋ ತೂಕದ ಚೀಲವನ್ನು ಎದೆಯ ಮಟ್ಟಕ್ಕೆ ಎತ್ತಿ ಹಾಪರಿಗೆ ಸುರಿಯುವುದು ಡಿಸ್ಕ್ ಜರುಗಿದವರಿಗೆ ಒಳ್ಳೆಯದಲ್ಲ. ನನ್ನ ಪತ್ನಿ ಚೀಲವನ್ನು ನೆಲದ ಮೇಲೆಯೇ ಕೊಯ್ದು, ಒಂದು ಸಣ್ಣ ಬಕೆಟ್ಟಿನಲ್ಲಿ ನಾಲ್ಕೈದು ಸಲಕ್ಕೆ ತುಂಬುತ್ತಾರೆ. ನೀವೂ ಹಾಗೆಯೇ ಮಾಡಿ.

ಕಳೆದುಕೊಳ್ಳುವುದನ್ನೂ ಹೇಳಬೇಕು. ಸೌದೆ ಒಲೆಯ ಕಾವು ಮೈಗೆ ನೇರವಾಗಿ ತಾಗುವಂಥದು; ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲೊಲೆಯ ಮುಂದೆ ಕೂತವರಿಗೆ ಅದು ಗೊತ್ತು. ಪೆಲೆಟ್ ಒಲೆ ಬಿಸಿಗಾಳಿ ಊದುತ್ತದೆ, ಕೋಣೆ ಬೆಚ್ಚಗಾಗುತ್ತದೆ, ಆದರೆ ಅದರ ಮುಂದೆ ಕೂತು ಕೈ ಕಾಯಿಸಿಕೊಳ್ಳುವ ಸುಖ ಅಷ್ಟಿಲ್ಲ. ಫ್ಯಾನಿನ ಸದ್ದು ದಿನವಿಡೀ ಇರುತ್ತದೆ. ಮೇಲೆ ಹಾಲಿನ ಪಾತ್ರೆ ಇಟ್ಟು ಕಾಯಿಸುವಂತಿಲ್ಲ. ನನ್ನ ಅತ್ತೆ ಬಂದಾಗಲೆಲ್ಲ ಹಳೆಯ ಒಲೆಯನ್ನೇ ನೆನೆಯುತ್ತಾರೆ.

ಪೆಲೆಟ್ ಅನ್ನು ಮೇ, ಜೂನ್ ತಿಂಗಳಲ್ಲೇ ಕೊಂಡು ಒಳಗಿಡಿ. 2014ರಲ್ಲಿ ನಮ್ಮ ಈಶಾನ್ಯ ರಾಜ್ಯಗಳಲ್ಲಿ ಪೆಲೆಟ್ ಕೊರತೆ ಬಿದ್ದು, ಅಂಗಡಿಯವರು ಒಬ್ಬರಿಗೆ ಹತ್ತು ಚೀಲಕ್ಕಿಂತ ಹೆಚ್ಚು ಕೊಡುವುದಿಲ್ಲವೆಂದು ನಮಗೆ ಹೇಳಿದ್ದರು. ನೀರು ತಾಗಿದ ಪೆಲೆಟ್ ಉಬ್ಬಿ ಮತ್ತೆ ಮರದ ಹೊಟ್ಟೇ ಆಗುತ್ತದೆ. ಅದನ್ನು ಒಲೆಗೆ ಹಾಕಿದರೆ ಆಗರ್ ಸಿಕ್ಕಿಕೊಳ್ಳುತ್ತದೆ.

ಉತ್ತರ: ದಾವಣಗೆರೆ ಮೂಲ, ದಕ್ಷಿಣ ಮಿನ್ನೆಸೋಟಾ

ನಮ್ಮ ಕಡೆ ಇದನ್ನು ಮೆಕ್ಕೆಜೋಳ ಎನ್ನುತ್ತೇವೆ. 2006ರಿಂದ ನಾನು ಇದನ್ನು ಉರಿಸುತ್ತಿದ್ದೇನೆ, ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ ಕಾಲದಲ್ಲಿ ಬುಷೆಲ್, ಅಂದರೆ 56 ಪೌಂಡ್ ಕಾಳು, 2 ಡಾಲರಿಗಿಂತ ಕಡಿಮೆಗೆ ಸಿಗುತ್ತಿತ್ತು. ರೈತರು ಮಾರುವುದಕ್ಕಿಂತ ಉರಿಸುವುದೇ ಲಾಭವೆಂದು ಲೆಕ್ಕ ಹಾಕಿದರು, ಒಲೆಗಳು ಭರದಿಂದ ಮಾರಾಟವಾದವು. ಆಮೇಲೆ ಎಥನಾಲ್ ಕಾರ್ಖಾನೆಗಳು ಹೆಚ್ಚಿದವು, 2012ರ ಬರ ಬಂತು, ಬೆಲೆ 7 ಡಾಲರ್ ದಾಟಿತು. ಆ ಎರಡು ಚಳಿಗಾಲ ನಾನು ಒಂದು ಕಾಳನ್ನೂ ಉರಿಸಲಿಲ್ಲ, ಪೂರ್ತಿ ಪೆಲೆಟ್ ಹಾಕಿದೆ. ಅದು ಸಾಧ್ಯವಾದದ್ದು ನನ್ನ ಒಲೆ ಎರಡನ್ನೂ ಉರಿಸುವ ಮಾದರಿಯಾಗಿದ್ದರಿಂದ. ಜೋಳವನ್ನು ಮಾತ್ರ ಉರಿಸುವ ಒಲೆಯನ್ನು ಯಾರೂ ಕೊಳ್ಳಬೇಡಿ. ಪೆಲೆಟ್‌ಗೆ ಮಾತ್ರ ಮಾಡಿದ ಒಲೆಗೆ ಜೋಳ ಸುರಿಯುವುದೂ ತಪ್ಪು.

ಏಕೆಂದರೆ ಜೋಳದ ಬೂದಿ ಬೂದಿಯಾಗಿ ಉಳಿಯುವುದಿಲ್ಲ. ಅದರಲ್ಲಿನ ಪೊಟ್ಯಾಷ್ ಮತ್ತು ರಂಜಕದ ಅಂಶದಿಂದಾಗಿ ಅದು ಉರಿಯಲ್ಲೇ ಕರಗಿ, ಕಮ್ಮಾರನ ಕುಲುಮೆಯ ಕಿಟ್ಟದಂತೆ ಗಟ್ಟಿ ಹೆಂಟೆ ಕಟ್ಟುತ್ತದೆ. ಇಲ್ಲಿಯವರು ಅದನ್ನು ಕ್ಲಿಂಕರ್ ಎನ್ನುತ್ತಾರೆ. ಬಟ್ಟಲನ್ನು ಸದಾ ಕಲಕುವ ಕಡ್ಡಿಯಿರುವ ಒಲೆಯೇ ಜೋಳಕ್ಕೆ ಬೇಕು, ಇಲ್ಲವಾದರೆ ಕಿಟ್ಟ ಗಾಳಿಯ ತೂತುಗಳನ್ನು ಮುಚ್ಚಿ ಬೆಂಕಿ ಆರುತ್ತದೆ. ಕಲಕುವ ಕಡ್ಡಿಯಿದ್ದರೂ ದಿನಕ್ಕೊಮ್ಮೆ ಇಕ್ಕಳದಿಂದ ಕಿಟ್ಟವನ್ನು ಎತ್ತಿ ತೆಗೆಯಬೇಕು. ಅರ್ಧ ಪೆಲೆಟ್, ಅರ್ಧ ಜೋಳ ಬೆರೆಸಿದರೆ ಕಿಟ್ಟ ಬಹಳ ಕಡಿಮೆಯಾಗುತ್ತದೆ, ಹೊತ್ತಿಸುವುದೂ ಸುಲಭವಾಗುತ್ತದೆ. ಬರೀ ಜೋಳ ಬೇಗ ಹೊತ್ತಿಕೊಳ್ಳುವ ವಸ್ತುವಲ್ಲ.

ತೇವವೇ ಎಲ್ಲಕ್ಕಿಂತ ಮುಖ್ಯ. ಮಾರುಕಟ್ಟೆಯಲ್ಲಿ ಜೋಳವನ್ನು ಶೇಕಡಾ 15.5 ತೇವದ ಲೆಕ್ಕದಲ್ಲಿ ಕೊಳ್ಳುತ್ತಾರೆ, ಆದರೆ ಒಲೆಗೆ ಶೇಕಡಾ 13 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ನೆರೆಯವರ ಕಣಜದ ಕಾಳನ್ನು ತೇವಮಾಪಕದಲ್ಲಿ ಅಳೆಸದೆ ಹಣ ಕೊಡಬೇಡಿ. ಕಾಳಿನ ಜೊತೆ ಸಿಪ್ಪೆ, ಪುಡಿ, ತೆನೆಯ ಬೆಂಡಿನ ಚೂರುಗಳು ಬರುತ್ತವೆ. ಬೆಂಡಿನ ಒಂದು ಚೂರು ಸಾಕು, ನಡುರಾತ್ರಿ ಆಗರ್ ನಿಲ್ಲಿಸಲು. ಊರಲ್ಲಿ ಕಣದಲ್ಲಿ ತೂರಿದ್ದನ್ನು ನೆನೆದು ಎಲ್ಲವನ್ನೂ ಜರಡಿ ಹಿಡಿಯಿರಿ. ಬಿತ್ತನೆಗೆಂದು ಔಷಧಿ ಲೇಪಿಸಿದ ಬೀಜವನ್ನು, ಎಷ್ಟೇ ಅಗ್ಗಕ್ಕೆ ಸಿಕ್ಕರೂ, ಎಂದಿಗೂ ಉರಿಸಬಾರದು. ಅದರ ವಿಷ ಹೊಗೆಯಲ್ಲಿ ಬರುತ್ತದೆ. ಇಲಿಗಳ ಕಾಟ ಹೇಳುವುದೇ ಬೇಡ. ಮುಚ್ಚಳವಿರುವ ಲೋಹದ ಪೀಪಾಯಿಯಲ್ಲಿಡಿ.

ಹೊಗೆಯ ಕೊಳವೆಯನ್ನು ಕೊಳ್ಳುವಾಗ ಜೋಳಕ್ಕೆ ತಕ್ಕದ್ದೆಂದು ಬರೆದಿರುವ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಕೇಳಿ. ಜೋಳದಲ್ಲಿನ ಸಾರಜನಕವೂ ತೇವವೂ ಸೇರಿ ಹೊಗೆಯಲ್ಲಿ ನೈಟ್ರಿಕ್ ಆಮ್ಲ ಉಂಟಾಗುತ್ತದೆ. ನನ್ನ ಮೊದಲ ಕೊಳವೆ ಮೂರನೆಯ ವರ್ಷಕ್ಕೆ ತೂತು ಬಿತ್ತು. ವಸಂತದಲ್ಲಿ ಒಲೆ ಆರಿಸಿದ ವಾರದಲ್ಲೇ ಒಳಗನ್ನೆಲ್ಲ ಉಜ್ಜಿ ತೊಳೆಯಿರಿ. ಜೋಳದ ಬೂದಿ ಬೇಸಿಗೆಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ.

ನಿಮ್ಮ ತಾಯಿಯವರ ಮಾತಿಗೆ ಬರುತ್ತೇನೆ. ನಮ್ಮ ಮನೆಯಲ್ಲೂ ಅದೇ ಪ್ರಶ್ನೆ ಎದ್ದಿತ್ತು. ಅಮೆರಿಕದಲ್ಲಿ ಬೆಳೆಯುವ ಈ ಜೋಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಥನಾಲ್ ಆಗಿ ವಾಹನಗಳಲ್ಲೇ ಉರಿಯುತ್ತದೆ, ಉಳಿದದ್ದರಲ್ಲಿ ಬಹುಪಾಲು ದನ, ಹಂದಿ, ಕೋಳಿಗಳಿಗೆ ಹೋಗುತ್ತದೆ. ಇದು ನಾವು ಸುಟ್ಟು ತಿನ್ನುವ ಸಿಹಿ ತೆನೆಯಲ್ಲ. ಆದರೂ ಈ ವಾದದಿಂದ ನನ್ನ ಮನಸ್ಸು ಪೂರ್ತಿ ಒಪ್ಪಿತೆಂದು ಹೇಳಲಾರೆ. ನೆಲಕ್ಕೆ ಬಿದ್ದ ಕಾಳನ್ನು ಆರಿಸಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವರು ನಾವು. ಅದಕ್ಕೇ ನಾನು ಮೂರು ವರ್ಷಗಳಿಂದ ನೆರೆಯವರ ಕಣಜದಲ್ಲಿ ಒಡೆದು, ಬಣ್ಣಗೆಟ್ಟು, ಎಲಿವೇಟರ್ ಎಂಬ ಕಾಳು ಕೊಳ್ಳುವ ಗೋದಾಮಿನಲ್ಲಿ ಬೆಲೆ ಕಡಿತವಾಗುವ ಕಾಳನ್ನೇ ಕೇಳಿ ಕೊಳ್ಳುತ್ತೇನೆ. ಜರಡಿಯ ಕೆಲಸ ಹೆಚ್ಚು, ಉರಿಗೆ ಅದು ಸಾಕಾಗುತ್ತದೆ.

ಉತ್ತರ: ಮೈಸೂರು ಮೂಲ, ವಿಸ್ಕಾನ್ಸಿನ್

ನಾನು ಕಟ್ಟಡಗಳ ಶಾಖ ವ್ಯವಸ್ಥೆಯ ಎಂಜಿನಿಯರ್. ನೀವು ಕೊಟ್ಟ ಬೆಲೆಗಳಲ್ಲೇ ಲೆಕ್ಕ ಹಾಕಿದ್ದೇನೆ.

ಒಣಗಿದ ಆಷ್ ಕಟ್ಟಿಗೆಯ ಒಂದು ಕಾರ್ಡಿನಲ್ಲಿ ಸುಮಾರು 2.4 ಕೋಟಿ ಬಿ.ಟಿ.ಯು. (ಶಾಖವನ್ನು ಅಳೆಯುವ ಮಾನ) ಶಾಖವಿರುತ್ತದೆ. ನಿಮ್ಮ ಹಳೆಯ ಒಲೆಯ ದಕ್ಷತೆ ಶೇಕಡಾ 60 ಎಂದುಕೊಂಡರೆ, 4 ಕಾರ್ಡಿನಿಂದ ಮನೆಗೆ ಸಿಗುತ್ತಿದ್ದದ್ದು ಸುಮಾರು 5.8 ಕೋಟಿ. ಪೆಲೆಟ್ ಟನ್ನಿಗೆ 1.64 ಕೋಟಿ ಇರುತ್ತದೆ, ಶೇಕಡಾ 78 ದಕ್ಷತೆಯ ಒಲೆಯಲ್ಲಿ ಅಷ್ಟೇ ಶಾಖಕ್ಕೆ ನಾಲ್ಕೂವರೆ ಟನ್ ಬೇಕು: 225 ಚೀಲ, 1,350 ಡಾಲರ್. ಜೋಳ ಪೌಂಡಿಗೆ ಸುಮಾರು 7,000 ಬಿ.ಟಿ.ಯು. ಕೊಡುತ್ತದೆ, ದಕ್ಷತೆ 75 ಎಂದರೆ 200 ಬುಷೆಲ್ ಬೇಕು, ಅಂದರೆ 800 ಡಾಲರ್. ಕೊಂಡ ಕಟ್ಟಿಗೆಗೆ 1,040 ಡಾಲರ್. ಈಗ ನೀವು ಗಮನಿಸದ ಸಂಗತಿ: ಶೇಕಡಾ 90 ದಕ್ಷತೆಯ ಫರ್ನೇಸಿನಲ್ಲಿ ಅದೇ ಶಾಖಕ್ಕೆ 700 ಗ್ಯಾಲನ್ ಪ್ರೊಪೇನ್ ಸಾಕು, ಅದಕ್ಕೆ 1,400 ಡಾಲರ್. ಪೆಲೆಟ್ ಒಲೆಗೆ ಚಳಿಗಾಲವಿಡೀ ತಗಲುವ ಸುಮಾರು 360 ಯೂನಿಟ್ ವಿದ್ಯುತ್ತನ್ನು ಸೇರಿಸಿದರೆ ಪೆಲೆಟ್ ಮತ್ತು ಪ್ರೊಪೇನ್ ಸಮಸಮ. ಹಣ ಉಳಿಸಲೆಂದು ಬರೀ ಪೆಲೆಟ್ ಒಲೆಗೆ ಹೋಗುವುದಾದರೆ ದಯವಿಟ್ಟು ಹೋಗಬೇಡಿ. ಒಕ್ಕೂಟ ಸರ್ಕಾರ ಕನಿಷ್ಠ ಶೇಕಡಾ 75 ದಕ್ಷತೆಯ ಒಲೆಗಳಿಗೆ 2,000 ಡಾಲರಿನವರೆಗೆ ಕೊಡುತ್ತಿದ್ದ ತೆರಿಗೆ ರಿಯಾಯಿತಿಯೂ 2025ರ ಡಿಸೆಂಬರ್ 31ಕ್ಕೆ ಮುಗಿದಿದೆ. ಜೋಳವನ್ನು ಬಳಸಿದರೆ ಮಾತ್ರ, ಅದೂ ನೆರೆಮನೆಯ ಕಣಜವಿರುವುದರಿಂದ, ನಿಮಗೆ ಉಳಿತಾಯವಿದೆ.

ವಿದ್ಯುತ್ತಿನ ಬಗ್ಗೆ ನಿಮ್ಮ ಚಿಂತೆ ಸರಿಯಾದದ್ದು. ಈ ಒಲೆಗಳು ಹೊತ್ತಿಸುವಾಗ ಕೆಲವು ನಿಮಿಷ 300ರಿಂದ 400 ವಾಟ್, ಆಮೇಲೆ 100 ವಾಟ್‌ನಷ್ಟು ಎಳೆಯುತ್ತವೆ. 12 ವೋಲ್ಟ್, 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಸುಮಾರು ಹತ್ತು ಗಂಟೆ ನಡೆಸಬಹುದು. ಊರಲ್ಲಿ ಬಳಸುವಂಥ ಲೆಡ್ ಬ್ಯಾಟರಿಯಾದರೆ ಅದರ ಅರ್ಧ. ಇನ್ವರ್ಟರ್ ಶುದ್ಧ ಸೈನ್ ವೇವ್‌ನದೇ, ಅಂದರೆ ಮನೆಯ ಕರೆಂಟಿನಂತೆಯೇ ನುಣುಪಾದ ಅಲೆ ಕೊಡುವಂಥದ್ದೇ, ಆಗಿರಲಿ. ಒಂದು ರಾತ್ರಿಗೆ ಇದು ಸಾಕು, ಒಂಬತ್ತು ದಿನಕ್ಕೆ ಸಾಲದು. ಕರೆಂಟ್ ಹೋದೊಡನೆ ಹೊಗೆ ಎಳೆಯುವ ಫ್ಯಾನ್ ನಿಲ್ಲುತ್ತದೆ, ಬಟ್ಟಲಲ್ಲಿ ಉಳಿದ ಕೆಂಡದ ಹೊಗೆ ಕೋಣೆಗೆ ಬರಬಹುದು. ಮಗಳ ಉಬ್ಬಸವನ್ನು ನೆನೆದು ಹೇಳುತ್ತೇನೆ: ಕೊಳವೆಯನ್ನು ಗೋಡೆಯಿಂದ ನೇರ ಹೊರಕ್ಕೆ ಬಿಡದೆ ನಾಲ್ಕೈದು ಅಡಿ ಮೇಲಕ್ಕೆ ಒಯ್ಯಿರಿ, ಆಗ ಫ್ಯಾನ್ ಇಲ್ಲದೆಯೂ ಹೊಗೆ ತಾನಾಗಿ ಮೇಲೇರುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲೇಬೇಕು.

ನನ್ನ ಸಲಹೆ ಇಷ್ಟೇ. ಕಟ್ಟಿಗೆ ಒಲೆಯನ್ನು ಕೀಳಿಸಬೇಡಿ. ಒಂದೇ ಚಿಮಣಿಗೆ ಎರಡು ಒಲೆ ಜೋಡಿಸುವಂತಿಲ್ಲ, ಆದರೆ ಹೊಸ ಒಲೆಗೆ ಚಿಮಣಿಯೇ ಬೇಕಿಲ್ಲ, 4 ಅಂಗುಲದ ಕೊಳವೆ ಇನ್ನೊಂದು ಗೋಡೆಯಿಂದ ಹೊರಬೀಳಬಹುದು. ಅರ್ಧ ಕಾರ್ಡ್ ಒಣಕಟ್ಟಿಗೆ ಸದಾ ಕೊಟ್ಟಿಗೆಯಲ್ಲಿರಲಿ. ಮೈನಸ್ 30ರಲ್ಲಿ ಕರೆಂಟ್ ಹೋದರೆ ಬೆಂಕಿಕಡ್ಡಿಯೊಂದನ್ನು ಬಿಟ್ಟು ಬೇರೇನನ್ನೂ ಕೇಳದ ಒಲೆ ಅದೊಂದೇ.

ಉತ್ತರ: ಶಿರಸಿ ಮೂಲ, ಉತ್ತರ ಮಿಷಿಗನ್

ನಾನು ಆರು ವರ್ಷ ಪೆಲೆಟ್ ಬಳಸಿ ಮತ್ತೆ ಸೌದೆಗೆ ಮರಳಿದವಳು. ಜನವರಿಯ ಮಧ್ಯದಲ್ಲಿ ಒಲೆಯ ಸರ್ಕ್ಯೂಟ್ ಬೋರ್ಡ್ ಕೆಟ್ಟಿತು. ಮಾರಿದ ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು, ಬಿಡಿಭಾಗ ಬರಲು ಮೂರು ವಾರ ಹಿಡಿಯಿತು. ಸೌದೆ ಒಲೆಯಲ್ಲಿ ಕೆಡುವಂಥದ್ದು ಬಾಗಿಲಿನ ಸಂದಿ ಮುಚ್ಚುವ ಹಗ್ಗವೊಂದೇ, ಅದನ್ನು ನಾನೇ ಬದಲಿಸುತ್ತೇನೆ. ಇಲ್ಲಿಯ ಪರಿಸರ ಸಂರಕ್ಷಣಾ ಸಂಸ್ಥೆ ಹೊಸ ಒಲೆಗಳಿಗೆ 2020ರಿಂದ ಗಂಟೆಗೆ 2.5 ಗ್ರಾಂಗಿಂತ ಹೆಚ್ಚು ಹೊಗೆಕಣ ಬಿಡಬಾರದೆಂಬ ಮಿತಿ ಹಾಕಿದೆ. ನಿಮ್ಮ ಒಲೆ ಎಷ್ಟು ಹಳೆಯದು? ಕಟ್ಟಿಗೆಯ ತೇವವನ್ನು ಎಂದಾದರೂ ಅಳೆದಿದ್ದೀರಾ? ಸೀಳಿದ ಹೊಸ ಮುಖದಲ್ಲಿ ಅದು ಶೇಕಡಾ 20ಕ್ಕಿಂತ ಕಡಿಮೆಯಿರಬೇಕು. ಒದ್ದೆ ಸೌದೆಯ ತಪ್ಪನ್ನು ಎಲ್ಲರೂ ಒಲೆಯ ಮೇಲೆ ಹಾಕುತ್ತಾರೆ. ಮಗುವಿಗೆ ಉಬ್ಬಸವಿರುವಾಗ ನಾನು ಹಟ ಹಿಡಿಯುವುದಿಲ್ಲ, ಆದರೆ ಇದನ್ನು ನೋಡದೆ ನಿರ್ಧರಿಸಬೇಡಿ.

ಹಾವೇರಿ ಮೂಲ, ಪೂರ್ವ ಅಯೋವಾ

ಎಲ್ಲರಿಗೂ ಕೃತಜ್ಞತೆಗಳು. ಶಿರಸಿಯ ಅಕ್ಕನವರು ಹೇಳಿದಂತೆ ನಿನ್ನೆ ತೇವಮಾಪಕ ತಂದು ಅಳೆದೆ. ಒಣಗಿದೆಯೆಂದು ಹೇಳಿ ನನಗೆ ಮಾರಿದ ಕಟ್ಟಿಗೆಯಲ್ಲಿ ಶೇಕಡಾ 27 ತೇವವಿತ್ತು. ಕಳೆದ ಚಳಿಗಾಲದ ಹೊಗೆಯಲ್ಲಿ ದೊಡ್ಡ ಪಾಲು ಅದರದೇ ಎಂದು ಈಗ ಅರ್ಥವಾಗುತ್ತಿದೆ. ಆದರೂ ಮಗಳಿಗಾಗಿ ದಿನನಿತ್ಯದ ಒಲೆಯನ್ನು ಬದಲಿಸುವುದೆಂದು ನಾವಿಬ್ಬರೂ ಕೂತು ತೀರ್ಮಾನಿಸಿದೆವು. ಕಲಕುವ ಕಡ್ಡಿಯಿರುವ, ಎರಡನ್ನೂ ಉರಿಸುವ ಒಲೆಯನ್ನು ಊಟದ ಕೋಣೆಯ ಪೂರ್ವದ ಗೋಡೆಗೆ ಹಾಕಿಸುತ್ತೇವೆ. ಇಲ್ಲಿ ಚಳಿಗಾಲದ ಗಾಳಿ ವಾಯವ್ಯದಿಂದ ಬೀಸುವುದರಿಂದ ಕೊಳವೆಯ ಬಾಯಿಗೆ ಅದು ನೇರ ಹೊಡೆಯುವುದಿಲ್ಲ. ಕಟ್ಟಿಗೆ ಒಲೆ ನಡುಮನೆಯಲ್ಲಿ ಇದ್ದಲ್ಲೇ ಇರುತ್ತದೆ, ಈ ಒದ್ದೆ ಕಟ್ಟಿಗೆ ಇನ್ನೊಂದು ಬೇಸಿಗೆ ಒಣಗಲಿ.

ಮೊದಲ ವರ್ಷ ಅರ್ಧ ಪೆಲೆಟ್, ಅರ್ಧ ಜೋಳ ಎಂದುಕೊಂಡಿದ್ದೇನೆ. ನೆರೆಯ ರೈತರ ಕಣಜದ ತಳದಲ್ಲಿ ಒಡೆದ ಕಾಳು 60 ಬುಷೆಲಿನಷ್ಟು ಇದೆಯಂತೆ, ತೇವ ಶೇಕಡಾ 14.5. ಅವ್ವನಿಗೆ ಮತ್ತೆ ಫೋನ್ ಮಾಡಿ ಒಡೆದ ಕಾಳಿನ ವಿಷಯ ಹೇಳಿದೆ. ಅವಳು ಒಪ್ಪಿದೆನೆಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮೊಮ್ಮಗಳ ಉಸಿರಾಟ ಹೇಗಿದೆಯೆಂದು ಕೇಳಿದಳು.

ದಾವಣಗೆರೆಯವರಲ್ಲಿ ಒಂದು ಪ್ರಶ್ನೆ ಉಳಿದಿದೆ. 14.5ರ ಕಾಳನ್ನು ಕೊಟ್ಟಿಗೆಯ ಕಾಂಕ್ರೀಟ್ ನೆಲದ ಮೇಲೆ ತೆಳುವಾಗಿ ಹರಡಿ ಫ್ಯಾನ್ ಹಚ್ಚಿದರೆ ಜುಲೈ ತಿಂಗಳ ಸೆಕೆಯಲ್ಲಿ 13ಕ್ಕೆ ಇಳಿದೀತೇ, ಅಥವಾ ಇಲ್ಲಿಯ ಬೇಸಿಗೆಯ ಹಸಿಗಾಳಿಯಲ್ಲಿ ಅದು ಇನ್ನಷ್ಟು ತೇವವನ್ನೇ ಹೀರೀತೇ?

ದಾವಣಗೆರೆ ಮೂಲ, ದಕ್ಷಿಣ ಮಿನ್ನೆಸೋಟಾ

ಜುಲೈನಲ್ಲಿ ಬೇಡ, ಹೀರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಗಾಳಿ ಒಣಗಿದ ಮೇಲೆ, ಬಿಸಿಲಿರುವ ದಿನ ನೋಡಿ, ಮಧ್ಯಾಹ್ನ ಮಾತ್ರ ಹರಡಿ. ಇಬ್ಬನಿ ಬೀಳುವ ಮೊದಲು ಪೀಪಾಯಿಗೆ ತುಂಬಿ ಮುಚ್ಚಿಡಿ. ನಾಲ್ಕೈದು ಮಧ್ಯಾಹ್ನ ಹಾಗೆ ಮಾಡಿ ಮತ್ತೆ ಅಳೆಯಿರಿ.